ಒಂದೇ ನಂಬರಿನ ಎರಡು ಬಿಲ್ಲೆ

"ಏಳು ಕೆಜಿ," ಎಂದಳು ಅಕ್ಕಯ್ಯಮ್ಮ, ಬ್ಯಾಗನ್ನು ಒಂದು ಸಲ ಎತ್ತಿ ಕೆಳಗಿಟ್ಟು. "ಇದ್ರಲ್ಲಿ ಕಲ್ಲೂ ಇಲ್ಲ, ಮಣ್ಣೂ ಇಲ್ಲ."

ಬ್ಯಾಗಿನ ಒಡತಿ ಬಂಗಾರಪೇಟೆ ಜಂಕ್ಷನ್ನಿನ ಬೆಂಚಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಳು. ಹೆಸರು ಶಶಿರೇಖ, ವಯಸ್ಸು ನಲವತ್ತೊಂಬತ್ತು. ಅಣ್ಣನೇ ಕಳ್ಳಿ ಎಂಬ ಬಿರುದು ಕೊಟ್ಟು ಊರಿಗೆ ಕರೆಸಿಕೊಂಡಿದ್ದರೂ ಚಟ್ನಿ ಸಾಲದೆಂದು ಎರಡು ಸಲ ಎದ್ದು ಹೋಗಿ ಹಾಕಿಸಿಕೊಂಡು ಬಂದಿದ್ದಳು.

ಅಕ್ಕಯ್ಯಮ್ಮನ ತೂಕಕ್ಕೆ ತಪ್ಪಿಲ್ಲ. ಇದೇ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಇಪ್ಪತ್ತೇಳು ವರ್ಷ ಆಯಾ ಆಗಿದ್ದವಳು. ವೇಟಿಂಗ್ ಮಾಡುವವರು ಬೇರೆಯವರು, ವೆಯ್ಟು ನೋಡುವವಳು ಇವಳು. ಬಸುರಿಯರ, ಮುದುಕಿಯರ ಗಂಟುಮೂಟೆ ಎತ್ತಿಕೊಟ್ಟೂ ಕೊಟ್ಟೂ ಕೈಯೇ ತಕ್ಕಡಿಯಾಗಿತ್ತು. ಯಾವ ಪೆಟ್ಟಿಗೆಯಲ್ಲಿ ಸೀರೆ, ಯಾವುದರಲ್ಲಿ ಬರೀ ಸಿಟ್ಟು ಎಂದು ಹಿಡಿಕೆ ಮುಟ್ಟಿದರೆ ಗೊತ್ತಾಗುತ್ತಿತ್ತು. ರಿಟೈರಾದ ಮೇಲೆ ಅದನ್ನೇ ಬಂಡವಾಳ ಮಾಡಿಕೊಂಡು, ಪೊಲೀಸರ ಹತ್ತಿರ ಹೋಗಲಾಗದವರ ತಾಪತ್ರಯಗಳನ್ನು ಪತ್ತೆ ಮಾಡಿಕೊಡುತ್ತಿದ್ದಳು.

ಈ ತಾಪತ್ರಯವಂತೂ ಪೊಲೀಸರ ಹತ್ತಿರ ಹೋಗುವಂಥದ್ದೇ ಅಲ್ಲ. ಒಂಬತ್ತು ದಿನದ ಹಿಂದೆ, ಗುರುವಾರ, ಮುಚ್ಚಿಹೋದ ಚಿನ್ನದ ಗಣಿಯ ಊರು ಉರಿಗಾಂನಲ್ಲಿ, ಅವಳ ಅಪ್ಪನ ಮನೆಯ ಮರದ ಪೆಟ್ಟಿಗೆಯಿಂದ ಅರ್ಧ ತೆಂಗಿನಕಾಯಿಯಷ್ಟು ದಪ್ಪದ ಬಿಳಿ ಕಲ್ಲೊಂದು ಮಾಯವಾಗಿತ್ತು. ಕಲ್ಲಿನ ನಡುವೆ ಬೆರಳಗಲ ಹಳದಿ ಗೆರೆ. ಶಶಿರೇಖಳ ಅಪ್ಪ, ತೀರಿಕೊಂಡ ಚಿಕ್ಕಮುನಿಯಪ್ಪ, ಗಣಿಯಿಂದ ಊಟದ ಡಬ್ಬಿಯಲ್ಲಿ ಮೇಲೆ ತಂದ ಬಂಗಾರದ ಗೆರೆ ಅದು. ಕದ್ದು ತಂದದ್ದನ್ನು ಯಾರೋ ಕದ್ದೊಯ್ದರು ಎಂದು ಯಾವ ಠಾಣೆಯಲ್ಲಿ ಹೇಗೆ ಬರೆಸುವುದು?

"ಓದ ಗುರುವಾರಕ್ಕೆ ಮುಂಚಿನ ಗುರುವಾರ ಎಲ್ಲಿದ್ದೆ ತಾಯಿ?" ಎಂದು ಕೇಳಿದಳು ಅಕ್ಕಯ್ಯಮ್ಮ.

ಶಶಿರೇಖ ಬೆರಳು ನೆಕ್ಕುತ್ತ ಯೋಚಿಸಿದಳು. "ಒಂದು ಮಠದಲ್ಲಿ ರೊಟ್ಟಿ ತಟ್ತಿದ್ದೆ. ಸಾಯಂಕಾಲ ಒಂದು ಬಸ್ಸು ಬಂತು, ಅತ್ಕೊಂಡೆ."

"ಯಾವ ಬಸ್ಸು?"

"ಸೀಟು ಖಾಲಿ ಇದ್ದ ಬಸ್ಸು."

ಕಷ್ಟ ಇದೇ ಆಗಿತ್ತು. ಪ್ಲಾನ್ ಹಾಕಿ ಹೋದವರಿಗೆ ರಿಸರ್ವೇಶನ್ ಚೀಟಿ ಇರುತ್ತದೆ, ಲಾಡ್ಜಿನ ಪುಸ್ತಕದಲ್ಲಿ ಸಹಿ ಇರುತ್ತದೆ, ಕೊನೆಗೆ ಬೆಟ್ಟದ ಮುಂದೆ ಹಲ್ಲು ಬಿಟ್ಟ ಫೋಟೋ ಇರುತ್ತದೆ. ಶಶಿರೇಖ ಹದಿನಾಲ್ಕು ತಿಂಗಳ ಹಿಂದೆ ಇದೇ ಪ್ಲಾಟ್‌ಫಾರಮ್ಮಿಗೆ ಬಂದು, ಮೊದಲು ನಿಂತ ರೈಲಿನ ಜನರಲ್ ಡಬ್ಬಿ ಹತ್ತಿದ್ದವಳು. ಹಾಸ್ಟೆಲ್ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ, ಹಾಸಿಗೆ ಹಿಡಿದ ಅಪ್ಪನ ಪಕ್ಕದಲ್ಲಿ ಆರು ವರ್ಷ ಕಳೆದ ಮೇಲೆ, ನನ್ನ ಡ್ಯೂಟಿ ಮುಗಿಯಿತು ಎಂದಷ್ಟೇ ಹೇಳಿ ಹೊರಟಿದ್ದಳು. ಬ್ಯಾಗಿನ ಜಿಪ್ಪಿನ ಸಂದಿಯಿಂದ ಲಟ್ಟಣಿಗೆಯ ತುದಿಯೊಂದು ಇಣುಕುತ್ತಿತ್ತು. ಅದೇ ಅವಳ ಟಿಕೆಟ್ಟು. ಛತ್ರವೋ ಮಠವೋ ಗುರುದ್ವಾರವೋ, ಒಲೆ ಉರಿಯುವ ಕಡೆ ಲಟ್ಟಣಿಗೆ ತೆಗೆಯುತ್ತಿದ್ದಳು. ಸಾಕೆನಿಸಿದ ದಿನ ಒಳಗಿಡುತ್ತಿದ್ದಳು. ಪೊಲೀಸರ ಲೆಕ್ಕದಲ್ಲಿ ಇಂಥವಳು ಎಲ್ಲೂ ಇರಲಿಲ್ಲ. ಅವಳ ಲೆಕ್ಕದಲ್ಲಿ ಎಲ್ಲ ಕಡೆ ಇದ್ದಳು.

ಬ್ಯಾಗು ಬಿಚ್ಚಿ ತೋರಿಸಿಬಿಟ್ಟರೆ ಅರ್ಧ ಜಗಳ ಇಲ್ಲೇ ಮುಗಿಯುತ್ತದೆ ಎಂದು ಅಕ್ಕಯ್ಯಮ್ಮ ಹೇಳಿ ನೋಡಿದಳು. ಶಶಿರೇಖ ಒಪ್ಪಲಿಲ್ಲ. ಎತ್ತಿ ನೋಡಬಹುದು, ಬಿಚ್ಚಿ ನೋಡುವಂತಿಲ್ಲ. ಇವತ್ತು ಅಣ್ಣನಿಗೆ ಬಿಚ್ಚಿದರೆ ನಾಳೆ ಅತ್ತಿಗೆಗೆ, ನಾಡಿದ್ದು ಲೈನು ಮನೆಗಳವರಿಗೆಲ್ಲ. ಆಮೇಲೆ ಮನೆಗೆ ಬಂದಾಗಲೆಲ್ಲ ಬಿಚ್ಚುತ್ತಲೇ ಇರಬೇಕು.

"ಅಂಗಾದ್ರೆ ಬಂದಿದ್ದಾದ್ರೂ ಯಾಕೆ? ಅಂಗೇ ಮುಂದಕ್ಕೆ ಓಗ್ಬಹುದಾಗಿತ್ತಲ್ಲ?"

"ಕಳ್ಳಿ ಅನ್ನೋ ಎಸರು ಇಟ್ಕೊಂಡು ಓದ್ರೆ ಅದು ಓಡೋಗಿದ್ದು ಆಯ್ತದೆ," ಎಂದಳು ಶಶಿರೇಖ. "ನಾನು ಓಗೋಳು ಅಕ್ಕಯ್ಯಮ್ಮನೋರೇ. ಓಡೋಗೋಳಲ್ಲ."

ಅಷ್ಟರಲ್ಲಿ ಮಾರಿಕುಪ್ಪಂ ಲೋಕಲ್ಲು ಬಂತು. ಟೀ ತರಲು ಹೋಗಿದ್ದ ಸಹನ ಮೂರು ಲೋಟ ಹಿಡಿದು ಓಡೋಡಿ ಬಂದಳು. ಶಶಿರೇಖಳ ಅಣ್ಣ ಆಂಜಿನಪ್ಪನ ಮಗಳು, ಬಂಗಾರಪೇಟೆಯಲ್ಲಿ ಡಿಗ್ರಿ ಓದುವವಳು, ಇಪ್ಪತ್ತೊಂದು ವರ್ಷ. ಹೆಸರಿಗೆ ಸಹನ, ಸಹನೆ ಮಾತ್ರ ಹೆಸರಿಗೂ ಇಲ್ಲ. ನಮ್ಮತ್ತೆ ಕಳ್ಳಿ ಅಲ್ಲ ಅಂತ ಸಾಬೀತು ಮಾಡಿಕೊಡಿ ಎಂದು ಅಕ್ಕಯ್ಯಮ್ಮನ ಮನೆ ಬಾಗಿಲು ಬಡಿದವಳೂ ಅವಳೇ, ಯಾವುದೋ ಊರಿನಲ್ಲಿದ್ದ ಅತ್ತೆಯನ್ನು ಫೋನು ಮಾಡಿ ಮಾಡಿ ಹಿಡಿದವಳೂ ಅವಳೇ.

"ಬ್ಯಾಗ್ ನಾನು ಇಡ್ಕೊತೀನಿ ಬಿಡಿ ಅತ್ತೆ," ಎಂದು ಎತ್ತಿಕೊಂಡಳು. ಎಡ ಮುಂಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಕೈಗಡಿಯಾರ ಬಲಗೈಗೆ ಬಂದಿತ್ತು. ಏನಾಯಿತೆಂದು ಅತ್ತೆ ಕೇಳಿದ್ದಕ್ಕೆ, ಹಾಲು ಕಾಯಿಸುವಾಗ ಪಾತ್ರೆ ತಗುಲಿತು ಎಂದು ಹೇಳಿ ರೈಲು ಹತ್ತಿದಳು.

ಉರಿಗಾಂ ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಗಣಿಯ ಪುಡಿಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೂದಿಬಣ್ಣದ ಮಣ್ಣು ತಂದು ಎಲ್ಲರ ಮುಖಕ್ಕೂ ಒಂದೇ ಪೌಡರು ಬಳಿಯಿತು. ಗಣಿ ಕೆಲಸಗಾರರ ಹಳೇ ಲೈನಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಶಶಿರೇಖ ಬರುವುದು ಕಂಡದ್ದೇ ತಡ, ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು ಪಿಸುಗುಟ್ಟಿದವು. ಅರ್ಥ ಒಂದೇ ಆಗಿತ್ತು.

ಆಂಜಿನಪ್ಪ ಹಸುವಿನ ಮೈ ತೊಳೆಯುತ್ತಿದ್ದವನು ಹಾಗೇ ಒದ್ದೆ ಕೈಯಲ್ಲಿ ಬಂದು ಬಾಗಿಲಿಗೆ ಅಡ್ಡ ನಿಂತ. ಬಂದವಳು ನೀರು ಕೇಳುವ ಮೊದಲೇ ಕಲ್ಲು ಕೇಳಿದ. ಕಲ್ಲು ಕೊಡದೆ ಹೊಸಿಲು ದಾಟುವಂತಿಲ್ಲ, ಅಮ್ಮನ ಮುಖ ನೋಡುವಂತಿಲ್ಲ, ಇವತ್ತಲ್ಲ ಎಂದೆಂದಿಗೂ ಇಲ್ಲ ಎಂದು ಲೈನಿಗೆಲ್ಲ ಕೇಳುವ ಹಾಗೆ ತೀರ್ಪು ಕೊಟ್ಟ. ಹಿಂದೆ ಅವನ ಹೆಂಡತಿ ರಾಧ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಗಂಡನ ಮಾತಿಗೆ ತಲೆಯಾಡಿಸಲೂ ಇಲ್ಲ, ಅಲ್ಲಾಡಿಸಲೂ ಇಲ್ಲ.

"ಎಂಗ್ಸು ಒಂಟಿಯಾಗಿ ಹದಿನಾಲ್ಕು ತಿಂಗಳು ತಿರುಗ್ತಾಳೆ ಅಂದ್ರೆ ಸುಮ್ಕೆ ಆಯ್ತದಾ?" ಎಂದ. "ಎಲ್ಲಿಗೆ ಓಗ್ತೀನಿ ಅಂತ ಒಂದು ಮಾತು ಏಳ್ಲಿಲ್ಲ ನೀನು."

"ನಂಗೇ ಗೊತ್ತಿಲ್ದಿದ್ದು ನಿಂಗೆಂಗೆ ಏಳ್ಲಿ ಅಣ್ಣ?"

"ಗೊತ್ತಿಲ್ದೆ ಯಾರಾದ್ರೂ ಓಗ್ತಾರಾ?"

"ಅಪ್ಪ ಮೂವತ್ತೊಂದು ವರ್ಷ ಭೂಮಿ ಒಳಕ್ಕೆ ಇಳಿದ. ಅವತ್ತು ಮೇಲೆ ಬತ್ತೀನೋ ಇಲ್ವೋ ಅಂತ ಅವನಿಗೂ ಗೊತ್ತಿರ್ಲಿಲ್ಲ. ಯಾಕೆ ಓಗ್ತೀಯ ಅಂತ ಒಬ್ರೂ ಕೇಳ್ಲಿಲ್ಲ." ಶಶಿರೇಖ ದನಿ ಏರಿಸಲಿಲ್ಲ. "ನಾನು ಭೂಮಿ ಮೇಲೆ ನಡೆದ್ರೆ ಲೈನೆಲ್ಲಾ ಕೇಳ್ತದೆ."

ಎದುರು ಮನೆಯ ತೆಲುಗು ಕಿಟಕಿ ಬಿಟ್ಟು ಬಾಗಿಲಿಗೆ ಬಂತು.

ಆಂಜಿನಪ್ಪ ಮಾತಿನಲ್ಲಿ ಸೋತಾಗ ಸಾಕ್ಷಿ ತೆಗೆಯುವವನು. ಬಾಗಿಲ ಚೌಕಟ್ಟಿನ ಮೊಳೆಯ ಕಡೆ ಕೈ ತೋರಿಸಿದ. ಅಲ್ಲಿ ಹಿತ್ತಾಳೆಯ ಒಂದು ಬಿಲ್ಲೆ ತೂಗುತ್ತಿತ್ತು. ಮೇಲೆ ಕೊರೆದ ಅಂಕಿ 417, ಅಪ್ಪನ ಗಣಿ ನಂಬರು.

ಆ ಮೊಳೆಯ ಕಾನೂನು ಚಿಕ್ಕಮುನಿಯಪ್ಪ ಮಾಡಿದ್ದು. ಗಣಿಗೆ ಇಳಿಯುವ ದಿನ ಬಿಲ್ಲೆ ಮೈಮೇಲೆ, ಮೇಲೆ ಬಂದ ಮೇಲೆ ಮೊಳೆಯ ಮೇಲೆ. ಮೊಳೆ ಖಾಲಿ ಇದ್ದಷ್ಟು ಹೊತ್ತು ಹೆಂಡತಿ ನಾರಾಯಣಮ್ಮನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಅವನು ಸತ್ತ ಮೇಲೆ ಆ ಬಿಲ್ಲೆಯನ್ನು ಶಶಿರೇಖ ಕೊರಳಿಗೆ ಕಟ್ಟಿಕೊಂಡು ಊರು ಸುತ್ತಲು ಹೊರಟಳು. ಹದಿನಾಲ್ಕು ತಿಂಗಳು ಖಾಲಿ ಇದ್ದ ಮೊಳೆಯಲ್ಲಿ ಆ ಗುರುವಾರ ಸಂಜೆ ಬಿಲ್ಲೆ ತೂಗುತ್ತಿತ್ತು. ಪೆಟ್ಟಿಗೆಯಲ್ಲಿ ಕಲ್ಲು ಇರಲಿಲ್ಲ. ಬಂದಳು, ಅಭ್ಯಾಸಬಲದಿಂದ ಬಿಲ್ಲೆ ತಗುಲಿಹಾಕಿದಳು, ಕಲ್ಲು ಎತ್ತಿಕೊಂಡು ಹೋದಳು. ಆಂಜಿನಪ್ಪನ ಪತ್ತೇದಾರಿಕೆ ಒಂದು ಲೋಟ ಟೀ ಆರುವುದರೊಳಗೆ ಮುಗಿದಿತ್ತು.

ಅಕ್ಕಯ್ಯಮ್ಮ ಮೊಳೆಯಿಂದ ಬಿಲ್ಲೆ ತೆಗೆದು ಬೆಳಕಿಗೆ ಹಿಡಿದಳು. ಅಂಕಿಯ ಸಂದಿಯಲ್ಲಿ ಹಸಿರು ಕಿಲುಬು.

"ಇದು ಯಾರ ಕೊರಳಲ್ಲೂ ಇದ್ದಿದ್ದಲ್ಲ," ಎಂದಳು. "ಬೆವರಿಗೂ ಬಟ್ಟೆಗೂ ಉಜ್ಜಿದ ಇತ್ತಾಳೆ ಇಂಗಿರಲ್ಲ. ಕತ್ತಲಲ್ಲಿ ಬಿದ್ದಿದ್ದ ಬಿಲ್ಲೆ ಇದು. ಶಶಿ, ನಿನ್ನ ಕೊರಳಲ್ಲಿ ಏನೈತೆ ತೋರ್ಸಮ್ಮ."

ಶಶಿರೇಖ ರವಿಕೆಯೊಳಗಿಂದ ಕಪ್ಪು ದಾರ ಎಳೆದಳು. ತುದಿಯಲ್ಲಿ ಇನ್ನೊಂದು ಹಿತ್ತಾಳೆ ಬಿಲ್ಲೆ, ಸವೆದು ಸವೆದು ಹೊಳೆಯುತ್ತಿತ್ತು. ಅಂಕಿ 417.

ಆಂಜಿನಪ್ಪ ಎರಡನ್ನೂ ನೋಡಿದ. ಮತ್ತೆ ನೋಡಿದ. ಬಂಗಾರಪೇಟೆಯವಳಾದ ಅಕ್ಕಯ್ಯಮ್ಮನಿಗೂ ಇದು ಹೊಸದೇ. ಒಂದು ನಂಬರಿಗೆ ಎರಡು ಬಿಲ್ಲೆ ಹೇಗೆ ಎಂದು ಕೇಳಿದಳು. ಉತ್ತರ ಶಶಿರೇಖ ಹೇಳಿದಳು. ಕೆಳಗೆ ಇಳಿಯುವವರಿಗೆ ಎರಡೆರಡು. ಒಂದನ್ನು ಲ್ಯಾಂಪ್ ರೂಮಿನಲ್ಲಿ ಕೊಟ್ಟು ಲೈಟು ಇಸಿದುಕೊಳ್ಳಬೇಕು, ಇನ್ನೊಂದು ಮೈಮೇಲೇ ಇರಬೇಕು. ಕೆಳಗೆ ಏನಾದರೂ ಆಗಿ ಮುಖ ಉಳಿಯದಿದ್ದರೆ ಗುರುತು ಹಿಡಿಯಲು.

"ಲ್ಯಾಂಪ್ ರೂಮಿಂದು ಕಂಪನಿಗೆ ವಾಪಸ್ ಕೊಟ್ಟೆ ಅಂದಿದ್ದ ಅಪ್ಪ," ಎಂದ ಆಂಜಿನಪ್ಪ, ದನಿ ಅರ್ಧ ಇಳಿದು.

"ಕಲ್ಲೂ ವಾಪಸ್ ಕೊಟ್ಟಿರ್ಬೇಕಾಗಿತ್ತು," ಎಂದಳು ಶಶಿರೇಖ. "ಎರಡೂ ಒಂದೇ ಪೆಟ್ಟಿಗೇಲಿ ಇಟ್ಟಿದ್ದ. ನಾನೇ ಕಣ್ಣಾರೆ ನೋಡಿವ್ನಿ."

ಅಂದಮೇಲೆ ಮೊಳೆಗೆ ಬಿಲ್ಲೆ ಹಾಕಿದವರೇ ಪೆಟ್ಟಿಗೆ ತೆಗೆದವರು. ಮೊಳೆಯ ಕಾನೂನು ಅವರಿಗೆ ಗೊತ್ತು. ಒಂದು ನಂಬರಿಗೆ ಎರಡು ಬಿಲ್ಲೆ ಎಂಬುದು ಮಾತ್ರ ಗೊತ್ತಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನೇ ಶಶಿರೇಖಳ ಬಿಲ್ಲೆ ಎಂದುಕೊಂಡಿದ್ದಾರೆ. ಅಕ್ಕಯ್ಯಮ್ಮ ಇಷ್ಟನ್ನೂ ಬೆರಳು ಮಡಚಿ ಹೇಳಿ, ಬಿಲ್ಲೆಯನ್ನು ಮೊಳೆಗೆ ಮತ್ತೆ ಹಾಕಿ, ಗಣಿ ಮನೆಯಲ್ಲಿದ್ದೂ ಎರಡು ಬಿಲ್ಲೆಯ ವಿಷಯ ಗೊತ್ತಿಲ್ಲದವರು ಯಾರು ಎಂದು ಸುಮ್ಮನೆ ಗಾಳಿಗೆ ಕೇಳಿದಳು.

ಗಾಳಿ ರಾಧಳ ಕಡೆ ಬೀಸಿತು. ಅವಳ ಅಪ್ಪ ಮೇಲಿನ ಕೆಲಸದವನು, ಕಲ್ಲು ಪುಡಿ ಮಾಡುವ ಮಿಲ್ಲಿನವನು. ಮೇಲಿನ ಕೆಲಸದವರಿಗೆ ಒಂದೇ ಬಿಲ್ಲೆ. ಗಂಡ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ರಾಧ ತನ್ನ ಕಡೆಯ ಮಾತು ಹೇಳಿದಳು. ಆ ಗುರುವಾರ ಅವನು ಹಸು ಹೊಡೆದುಕೊಂಡು ದನದ ಆಸ್ಪತ್ರೆಗೆ ಹೋಗಿದ್ದ. ತಾನು ಹುಲ್ಲಿಗೆ ಹೋಗಿದ್ದುದು ಮಧ್ಯಾಹ್ನ ಮೂರರಿಂದ ಐದರವರೆಗೆ. ಅಷ್ಟು ಹೊತ್ತು ಮನೆಯಲ್ಲಿ ಅತ್ತೆ ನಾರಾಯಣಮ್ಮ ಒಬ್ಬರೇ.

ಆಂಜಿನಪ್ಪನಿಗೆ ಜೀವ ಬಂತು. ಕೊನೆಯ ಸಾಕ್ಷಿ ಉಳಿದಿದೆಯಲ್ಲ. ಪೆಟ್ಟಿಗೆಯ ಬೀಗದ ಕೈ ಇರುವುದು ಅಮ್ಮನ ಎಲೆಅಡಿಕೆ ಸಂಚಿಯಲ್ಲಿ. ಮಗಳು ಬಂದು ಪಕ್ಕದಲ್ಲಿ ಕೂತಿದ್ದಳು, ಕೈ ಹಿಡಿದಿದ್ದಳು, ನಾನೇ ಬೀಗದ ಕೈ ಕೊಟ್ಟೆ ಎಂದು ಅಮ್ಮನೇ ಹೇಳಿದ್ದಾಳೆ. ಬಿಲ್ಲೆ ನೂರು ಇರಲಿ, ಹೆತ್ತವಳು ಸುಳ್ಳು ಹೇಳುತ್ತಾಳೆಯೇ?

"ಅಂಗಾದ್ರೆ ಅಮ್ಮನ್ನೇ ಕೇಳಾಣ," ಎಂದಳು ಶಶಿರೇಖ. ಅಡ್ಡ ನಿಂತ ಅಣ್ಣನ ತೋಳಿನ ಕೆಳಗೆ ಬಗ್ಗಿ ಹೊಸಿಲು ದಾಟಿದಳು. ತೀರ್ಪು ಅಲ್ಲೇ ಬಾಗಿಲಲ್ಲಿ ಕೈ ಚಾಚಿಕೊಂಡು ನಿಂತಿತ್ತು.

ಸಹನಳನ್ನು ಜಗಲಿಯ ಮೇಲೆ ಬ್ಯಾಗಿನ ಕಾವಲಿಗೆ ಬಿಟ್ಟು ಉಳಿದವರು ನಡುಮನೆಗೆ ಹೋದರು.

ಎಂಬತ್ನಾಲ್ಕರ ನಾರಾಯಣಮ್ಮನಿಗೆ ಕಣ್ಣಿನ ಪೊರೆ ಬೆಳೆದು ನೆರಳಷ್ಟೇ ಕಾಣುತ್ತಿತ್ತು. ಕಿವಿ ಅದಕ್ಕಿಂತ ಮೊದಲೇ ರಿಟೈರಾಗಿತ್ತು. ಈಗ ಅವಳ ಪ್ರಪಂಚವೆಲ್ಲ ಎಡ ಮುಂಗೈಗಳದ್ದು. ಗಾಜಿನ ಬಳೆ ಸಿಕ್ಕರೆ ಸೊಸೆ ರಾಧ. ಕೈಗಡಿಯಾರ ಸಿಕ್ಕರೆ ಮೊಮ್ಮಗಳು. ಕುಡುಗೋಲಿನಂತೆ ಬಾಗಿದ ಸುಟ್ಟ ಗಾಯದ ಕಲೆ ಸಿಕ್ಕರೆ ಶಶಿ. ಹಾಸ್ಟೆಲ್ಲಿನ ದೊಡ್ಡ ಪಾತ್ರೆ ಕೊಟ್ಟ ಗುರುತು ಅದು.

ಶಶಿರೇಖ ಎದುರು ಕೂತು ಎಡಗೈ ಚಾಚಿದಳು. ಮುದುಕಿಯ ಬೆರಳುಗಳು ಮಣಿಕಟ್ಟು ಹುಡುಕಿದವು, ಕಲೆಯ ಮೇಲೆ ನಿಂತವು. ಮುಖ ಅರಳಿತು. ಕೆನ್ನೆ ಸವರಿದಳು. ಸೊರಗಿದ್ದೀಯ ಎಂದಳು, ಮೊನ್ನೆ ಬಂದಾಗ ಮುದ್ದೆ ತಿನ್ನದೆ ಹೋದೆ ಎಂದು ಆಕ್ಷೇಪಿಸಿದಳು. ಬಾಗಿಲಲ್ಲಿ ನಿಂತಿದ್ದ ಆಂಜಿನಪ್ಪ ಕೇಳಿಸಿಕೊಂಡಿರಾ ಎನ್ನುವಂತೆ ಅಕ್ಕಯ್ಯಮ್ಮನ ಕಡೆ ನೋಡಿದ.

ಮುದುಕಿಯ ಬೆರಳು ಮತ್ತೆ ಕಲೆಗೆ ಬಂತು. ಒಂದು ಸಲ ಉಜ್ಜಿತು, ಅಂಚು ಹಿಡಿದು ತುದಿಯವರೆಗೆ ಹೋಯಿತು.

"ಇಷ್ಟು ಬೇಗ ವಾಸಿಯಾಯ್ತಾ?" ಎಂದಳು ನಾರಾಯಣಮ್ಮ.

ಅಕ್ಕಯ್ಯಮ್ಮ ಅವಳ ಕಿವಿಗೆ ಬಾಯಿಟ್ಟು, ಮೊನ್ನೆ ಹೇಗಿತ್ತು ಎಂದು ಕೂಗಿ ಕೇಳಿದಳು.

"ಮೊನ್ನೆ ಅಸೀಗಿತ್ತಲ್ಲ ತಾಯಿ. ನೀರು ಒಸರ್ತಿತ್ತು. ಮತ್ತೆ ಅದೇ ಜಾಗದಲ್ಲಿ ಸುಟ್ಕೊಂಡಾ ಅಂದೆ. ಮುಟ್ಟಿದ್ರೂ ಕೈ ಇಂದಕ್ಕೆ ಎಳ್ಕೊಳ್ಲಿಲ್ಲ ಮಗು."

ಕದಿಯಲು ಬೀಗ ಒಡೆದವರಿದ್ದಾರೆ, ಗೋಡೆ ಕೊರೆದವರಿದ್ದಾರೆ. ಕುರುಡು ಮುದುಕಿಯ ಬೆರಳಿಗೆ ಒಂದು ಗುರುತು ಸಿಗಲೆಂದು ತನ್ನ ಕೈ ತಾನೇ ಸುಟ್ಟುಕೊಂಡವರನ್ನು ಅಕ್ಕಯ್ಯಮ್ಮ ಇಪ್ಪತ್ತೇಳು ವರ್ಷದಲ್ಲಿ ಕಂಡಿರಲಿಲ್ಲ.

ಆಂಜಿನಪ್ಪನ ಕಣ್ಣು ಹೆಂಡತಿಯ ಕೈಗೆ ಹೋಯಿತು. ರಾಧ ಗಂಡನ ಮುಖ ನೋಡಿದಳು. ಎರಡೂ ಕೈಯ ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ಅವನ ಮೂಗಿನ ಹತ್ತಿರಕ್ಕೆ ಹಿಡಿದಳು. ಹುಲ್ಲು ಗೀರಿದ ಸಣ್ಣ ಗೆರೆಗಳು ಬಿಟ್ಟರೆ ಏನಿಲ್ಲ.

"ಇಪ್ಪತ್ಮೂರು ವರ್ಷ ನಿಮ್ಮಮ್ಮಂಗೆ ಅನ್ನ ಆಕಿದ ಕೈ ಇದು," ಎಂದಳು. "ಚೆನ್ನಾಗಿ ನೋಡ್ಕಳಿ. ಇನ್ನೊಂದ್ಸಲ ತೋರ್ಸಲ್ಲ."

ಅಕ್ಕಯ್ಯಮ್ಮನಿಗೆ ಬೆಳಗಿನ ಪ್ಲಾಟ್‌ಫಾರಂ ನೆನಪಾಯಿತು. ಮೂರು ಲೋಟ ಟೀ. ಬಿಳಿ ಬಟ್ಟೆ ಸುತ್ತಿದ ಎಡ ಮುಂಗೈ. ಬಲಗೈಗೆ ಹೋದ ಗಡಿಯಾರ. ಎರಡು ಬಿಲ್ಲೆಯ ವಿಷಯ ಗೊತ್ತಿಲ್ಲದವರು ಮಿಲ್ಲಿನವರ ಮಕ್ಕಳು ಮಾತ್ರವಲ್ಲ. ಗಣಿ ಮುಚ್ಚಿದ ಮೇಲೆ ಹುಟ್ಟಿದವರಿಗೂ ಗೊತ್ತಿರುವುದಿಲ್ಲ.

ಅರವತ್ತಮೂರು ವರ್ಷದ ಮಂಡಿ ಬಿಟ್ಟಷ್ಟು ವೇಗವಾಗಿ ಅವಳು ಬಾಗಿಲಿಗೆ ಬಂದಳು. ಜಗಲಿಯ ಮೇಲೆ ಬ್ಯಾಗು ಇತ್ತು. ಕಾವಲಿಗೆ ಕೂತವಳು ಇರಲಿಲ್ಲ. ಚಪ್ಪಲಿಯೂ ಇರಲಿಲ್ಲ.

ಹಿಂದೆಯೇ ಬಂದ ಶಶಿರೇಖ ಬ್ಯಾಗು ನೋಡಲಿಲ್ಲ, ಬೀದಿ ನೋಡಲಿಲ್ಲ. ಚೌಕಟ್ಟು ನೋಡಿದಳು.

ಮೊಳೆ ಖಾಲಿ.

ಹೊರಟವಳು ಬಿಲ್ಲೆ ತೆಗೆದುಕೊಂಡೇ ಹೊರಟಿದ್ದಳು. ತಾತನ ಕಾನೂನು ಮೊಮ್ಮಗಳು ಮುರಿದಿರಲಿಲ್ಲ. ದೂರದಲ್ಲಿ ಬಂಗಾರಪೇಟೆ ಕಡೆಯ ಲೋಕಲ್ಲು ಉರಿಗಾಂ ಬಿಡುವ ಸದ್ದು ಕೇಳಿತು. ಅಲ್ಲಿಂದ ಮುಂದೆ ಜಂಕ್ಷನ್ನು. ಜಂಕ್ಷನ್ನಿನಿಂದ ಯಾವ ಕಡೆಯಾದರೂ.

ಅಕ್ಕಯ್ಯಮ್ಮ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಮಗಳ ಹೆಸರು ಬಂದ ಕೂಡಲೇ ಆಂಜಿನಪ್ಪ ನಡುವೆ ಬಾಯಿ ಹಾಕಿದ. ಅತ್ತೆಯನ್ನು ಬಿಡಿಸಲು ಪತ್ತೇದಾರಳನ್ನು ಕರೆತಂದವಳು ಯಾರು, ತನ್ನ ಮಗಳಲ್ಲವೇ? ಕದ್ದವಳು ಹಾಗೆ ಮಾಡುತ್ತಾಳೆಯೇ ಎಂದು ಕೇಳಿದ. ಅತ್ತೆಯ ತಲೆಗೆ ಕಟ್ಟಿದ ಮೇಲೆ ಮನಸ್ಸು ತಡೆಯದೆ ಬಂದಿರಬಹುದು ಎಂದಳು ಅಕ್ಕಯ್ಯಮ್ಮ. ಇರಬಹುದು ಎಂಬ ಆ ಮಾತೇ ಅವನಿಗೆ ಸಾಕಾಯಿತು.

"ನನ್ ಮಗಳ ತಲೆಗೆ ಕಟ್ತೀರಾ?" ಎಂದ, ತಂಗಿಯ ಕಡೆ ತಿರುಗಿ. "ಅವಳ ತಲೆ ಕೆಡಿಸ್ದೋಳೇ ನೀನು. ಕಲ್ಲು ನಿನ್ನತ್ರಾನೇ ಐತೆ. ಇಲ್ದಿದ್ರೆ ಬ್ಯಾಗ್ ಬಿಚ್ಚಕ್ಕೆ ಏನು ನೋವು?"

ಲೈನಿನ ಅರ್ಧ ಜನ ಈಗ ಬೀದಿಯಲ್ಲೇ ಇದ್ದರು.

ಶಶಿರೇಖ ಖಾಲಿ ಮೊಳೆಯನ್ನೇ ನೋಡುತ್ತಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಗಿನಿಂದ ಹಿಡಿದ ಹಟವನ್ನು ಒಂದೇ ಉಸಿರಿಗೆ ಬಿಟ್ಟಳು.

"ಬಿಚ್ಚಿ ನೋಡ್ಕೋ," ಎಂದಳು. "ಲೈನೆಲ್ಲಾ ಬಂದು ನೋಡ್ಲಿ. ನೋಡಿದ್ಮೇಲೆ ನಾನು ಆ ಮಗೂನ ಉಡುಕ್ಕೊಂಡು ಓಗ್ತೀನಿ. ಯಾವ ರೈಲು, ಯಾವ ಊರು ಅಂತ ನೀನು ಕೇಳಂಗಿಲ್ಲ. ಇವತ್ತಿಂದ ಯಾವತ್ತೂ ಕೇಳಂಗಿಲ್ಲ. ಒಪ್ಗೆನಾ?"

ಆಂಜಿನಪ್ಪ ಬೀದಿಯ ಜನರನ್ನು ಒಮ್ಮೆ ನೋಡಿ, ಒಪ್ಪಿಗೆ ಎಂದ.

"ಅಕ್ಕಯ್ಯಮ್ಮನೋರೇ, ನೀವೇ ಬಿಚ್ಚಿ. ನಿಮ್ ಕೈ ಮೇಲೆ ನಂಗೆ ನಂಬಿಕೆ ಐತೆ."

ಅಕ್ಕಯ್ಯಮ್ಮ ಬಗ್ಗಿ ಹಿಡಿಕೆ ಹಿಡಿ‍ದಳು. ಎಲ್ಲರಿಗೂ ಕಾಣಲೆಂದು ಬ್ಯಾಗನ್ನು ಜಗಲಿಯ ಅಂಚಿಗೆ ಎತ್ತಿ ಇಟ್ಟಳು.

ಎತ್ತಿದ್ದು ಒಂದೇ ಗೇಣು. ಅಷ್ಟು ಸಾಕಾಯಿತು.

ಬೆಳಿಗ್ಗೆ ಏಳು ಕೆಜಿ ಇದ್ದದ್ದು ಈಗ ಎಂಟೂಕಾಲು. ಕಾವಲಿಗೆ ಕೂತವಳು ಬಿಲ್ಲೆ ಒಯ್ದು ಕಲ್ಲು ಬಿಟ್ಟು ಹೋಗಿದ್ದಳು.

ಅವಳು ತಲೆಯೆತ್ತಿ ಶಶಿರೇಖಳನ್ನು ನೋಡಿದಳು. ಶಶಿರೇಖ ಸೊಂಟದ ಮೇಲೆ ಕೈಯಿಟ್ಟು, ಕತ್ತು ನೆಟ್ಟಗೆ ಮಾಡಿ, ಇಡೀ ಲೈನಿಗೆ ಎದುರಾಗಿ ನಿಂತಿದ್ದಳು. ಆಂಜಿನಪ್ಪ ಒಂದು ಹೆಜ್ಜೆ ಮುಂದೆ ಬಂದ.

ಅಕ್ಕಯ್ಯಮ್ಮನ ಬೆರಳು ಜಿಪ್ಪಿನ ಮೇಲಿತ್ತು.